ಕತ್ತಲಿಗೆ ಕಾಸು ಬೇಕಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಕನ್ನಡದಲ್ಲಿ ಮೈ ಜುಮ್ಮೆನ್ನಿಸುವ ದೆವ್ವದ ಸಿನಿಮಾ, ತಲೆಗೆ ಕೆಲಸ ಕೊಡುವ ವೈಜ್ಞಾನಿಕ ಸಿನಿಮಾ ಯಾಕೆ ಇಷ್ಟು ಅಪರೂಪ ಎಂಬ ಪ್ರಶ್ನೆ ಸಿನಿಮಾ ಪುರವಣಿಗಳಲ್ಲಿ ಆಗಾಗ ಏಳುತ್ತಲೇ ಇರುತ್ತದೆ. ಉತ್ತರ ಮಾತ್ರ ಬದಲಾಗುವುದಿಲ್ಲ. ಬಜೆಟ್ ಇಲ್ಲ, ಗ್ರಾಫಿಕ್ಸ್‌ಗೆ ದುಡ್ಡಿಲ್ಲ, ಹಾಲಿವುಡ್‌ನವರ ಮುಂದೆ ನಾವೆಲ್ಲಿ. ಇದು ಸೋಮಾರಿ ಉತ್ತರ. ಹೆದರಿಸಲು ಮೊದಲು ಬೇಕಾದ್ದು ಕತ್ತಲು, ಆಮೇಲೆ ಮೌನ. ಎರಡೂ ಪುಕ್ಕಟೆ ಸಿಗುತ್ತವೆ. ನಾವು ದುಡ್ಡು ಸುರಿಯುತ್ತಿರುವುದು ಅವೆರಡನ್ನು ಕೆಡಿಸಲಿಕ್ಕೆ. ಶೂಟಿಂಗ್‌ನಲ್ಲಿ ಅರ್ಧ ಕೆಡುತ್ತದೆ, ಥಿಯೇಟರಿನಲ್ಲಿ ಕಾಲು, ಉಳಿದ ಕಾಲು ಮನೆಯ ಟಿವಿಯಲ್ಲಿ.

ದುಡ್ಡಿನ ಲೆಕ್ಕ ಮೊದಲು ಮುಗಿಸೋಣ. 1942ರಲ್ಲಿ ಅಮೆರಿಕದ ಆರ್‌ಕೆಒ ಸ್ಟುಡಿಯೊ ವಾಲ್ ಲ್ಯೂಟನ್ ಎಂಬ ನಿರ್ಮಾಪಕನನ್ನು ಭಯಾನಕ ಚಿತ್ರಗಳಿಗೆಂದೇ ಕೂರಿಸಿ, ಒಂದೊಂದಕ್ಕೂ ಒಂದೂವರೆ ಲಕ್ಷ ಡಾಲರ್ ದಾಟಕೂಡದು ಎಂದು ಗೆರೆ ಎಳೆಯಿತು. ಅಂದಿನ ಹಾಲಿವುಡ್‌ಗೆ ಅದು ಚಿಲ್ಲರೆ ಕಾಸು. ಮೊದಲ ಚಿತ್ರ ‘ಕ್ಯಾಟ್ ಪೀಪಲ್’, ಹೆಣ್ಣೊಬ್ಬಳು ಚಿರತೆಯಾಗುವ ಕತೆ. ನಿರ್ದೇಶಕ ಜಾಕ್ ಟೂರ್ನರ್ ಮೃಗವನ್ನು ಬಹುಪಾಲು ನೆರಳಿಗೇ ಬಿಟ್ಟ. ಅದರಲ್ಲೊಂದು ದೃಶ್ಯ: ರಾತ್ರಿ ಖಾಲಿ ರಸ್ತೆ, ಒಬ್ಬಾಕೆ ನಡೆಯುತ್ತಿದ್ದಾಳೆ, ಹಿಂದೆ ಇನ್ನೊಂದು ಜೊತೆ ಹೆಜ್ಜೆ. ಹಿಂದಿನ ಹೆಜ್ಜೆ ನಿಲ್ಲುತ್ತದೆ. ಸಂಗೀತವಿಲ್ಲ. ಆಕೆಯ ನಡಿಗೆ ಓಟವಾಗುತ್ತದೆ. ಬುಸ್ಸೆಂದು ಏನೋ ಮೇಲೆರಗಿದಂತಾಗಿ ನೋಡಿದರೆ ಸಿಟಿ ಬಸ್ಸು ಬಂದು ನಿಂತಿದೆ. ಎಂಬತ್ತು ವರ್ಷ ಕಳೆದರೂ ಈ ಉಪಾಯಕ್ಕೆ ಸಂಕಲನಕಾರರ ಬಾಯಲ್ಲಿ ‘ಲ್ಯೂಟನ್ ಬಸ್’ ಎಂದೇ ಹೆಸರು. ನಮ್ಮವರು ಅದರಲ್ಲಿ ಬಸ್ಸನ್ನು ಮಾತ್ರ ಎತ್ತಿಕೊಂಡರು, ಅದಕ್ಕೂ ಮೊದಲಿನ ನಿಶ್ಶಬ್ದ ರಸ್ತೆಯನ್ನು ಅಲ್ಲೇ ಬಿಟ್ಟರು.

1978ರ ‘ಹ್ಯಾಲೋವೀನ್’ ಚಿತ್ರದ ಕೊಲೆಗಾರನ ಮುಖವಾಡ ಅಂಗಡಿಯಿಂದ ತಂದದ್ದು, ಬೆಲೆ ಎರಡು ಡಾಲರಿನೊಳಗೆ. ಅದು ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನ ಮುಖ. ಹುಬ್ಬು ಕಿತ್ತು, ಕಣ್ಣಿನ ತೂತು ಹಿಗ್ಗಿಸಿ, ಬಿಳಿ ಬಣ್ಣ ಬಳಿದರು, ಅಷ್ಟೇ. ಆ ‘ಸ್ಟಾರ್ ಟ್ರೆಕ್’ ಕೂಡ 1966ರಲ್ಲಿ ಬಡತನದಲ್ಲೇ ಹುಟ್ಟಿದ್ದು. ವಾರಕ್ಕೊಂದು ಗ್ರಹದ ಮೇಲೆ ನೌಕೆ ಇಳಿಸುವ ದೃಶ್ಯ ತೆಗೆಯಲು ಖರ್ಚು ತಾಳದೆ, ನಿಂತಲ್ಲೇ ಕರಗಿ ಗ್ರಹದ ಮೇಲೆ ಮೂಡುವ ಯಂತ್ರವನ್ನು ಕಲ್ಪಿಸಿಕೊಂಡರು. ಇವತ್ತು ಅದೇ ಆ ಸರಣಿಯ ಗುರುತು.

ನಮ್ಮಲ್ಲೂ ಗೆದ್ದವೆಲ್ಲ ಇದೇ ದಾರಿಯವು. ಪವನ್ ಕುಮಾರ್ ಅವರ ‘ಯು ಟರ್ನ್’ (2016) ಚಿತ್ರದಲ್ಲಿ ಪಾಳುಬಂಗಲೆ ಇಲ್ಲ, ಬೆಂಗಳೂರಿನ ಒಂದು ಫ್ಲೈಓವರ್ ಇದೆ. ವಿಭಜಕದ ಕಲ್ಲು ಸರಿಸಿ ಅಡ್ಡದಾರಿ ಹಿಡಿದವರಿಗೆ ಮಾತ್ರ ಅಲ್ಲಿ ಕಾಟ. ನಿಯಮ ಅಷ್ಟು ಸ್ಪಷ್ಟವಾಗಿದ್ದರಿಂದಲೇ ಭಯ ಬೈಕಿನ ಹಿಂದಿನ ಸೀಟಿಗೆ ಹತ್ತಿ ಮನೆವರೆಗೂ ಬರುತ್ತದೆ. 2024ರ ‘ಬ್ಲಿಂಕ್’ ಕಾಲಯಾನವನ್ನು ಕಣ್ಣು ಮಿಟುಕಿಸುವುದಕ್ಕೆ ಗಂಟು ಹಾಕಿತು; ಯಂತ್ರವೂ ಬೇಕಾಗಲಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಬಾಗಿಲುಗಳ ಮೇಲೆ ಬರೆದಿದ್ದ ‘ನಾಳೆ ಬಾ’ ಇದೆಯಲ್ಲ, ಅದಕ್ಕಿಂತ ಅಚ್ಚುಕಟ್ಟಾದ ನಿಯಮ ಯಾವ ಚಿತ್ರಕತೆಯಲ್ಲಿದೆ? ದೆವ್ವಕ್ಕೆ ಓದು ಬರುತ್ತದೆ, ಓದಿದ್ದನ್ನು ನಂಬುತ್ತದೆ, ದಿನವೂ ಮರಳಿ ಹೋಗುತ್ತದೆ. ಅದನ್ನು ಹಿಂದಿಯವರು 2018ರಲ್ಲಿ ‘ಸ್ತ್ರೀ’ ಮಾಡಿ ಗಲ್ಲಾಪೆಟ್ಟಿಗೆ ತುಂಬಿಸಿಕೊಂಡರು. ನಮ್ಮ ದೆವ್ವ, ಅವರ ದುಡ್ಡು.

ಈಗ ಶೂಟಿಂಗ್ ವಿಚಾರ. ನಮ್ಮ ಸಿನಿಮಾಗಳಲ್ಲಿ ಅಮಾವಾಸ್ಯೆಯ ರಾತ್ರಿಯಲ್ಲೂ ನೀಲಿ ಬೆಳದಿಂಗಳು ಚೆಲ್ಲಿರುತ್ತದೆ, ಅದರ ಹಿಂದೆ ಹೊಗೆ ಯಂತ್ರ. ಹೀರೊ ಮುಖ ಕಾಣದಿದ್ದರೆ ಅಭಿಮಾನಿಗಳು ಬೇಜಾರಾಗುತ್ತಾರೆಂಬ ಅಂಜಿಕೆ. ಫಿಲಂ ರೀಲಿನ ಕಾಲದಲ್ಲಿ ಇದಕ್ಕೊಂದು ಕಾರಣವಿತ್ತು, ಬೆಳಕಿಲ್ಲದೆ ರೀಲಿನ ಮೇಲೆ ಏನೂ ಮೂಡುತ್ತಿರಲಿಲ್ಲ. ಇಂದಿನ ಡಿಜಿಟಲ್ ಕ್ಯಾಮೆರಾ 3200 ಐಎಸ್‌ಒದಲ್ಲಿ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬುದರ ಅಳತೆ) ಒಂದು ಕಂದೀಲಿನ ಬೆಳಕಲ್ಲೇ ಮುಖ ಹಿಡಿಯುತ್ತದೆ. ಕತ್ತಲು ಕತ್ತಲಾಗಿ ಕಾಣಬೇಕಾದರೆ ಮಾಡಬೇಕಾದ್ದು ಇಷ್ಟು: ಚೌಕಟ್ಟಿನೊಳಗೆ ಒಂದು ನಿಜವಾದ ಬೆಳಕಿನ ಚುಕ್ಕೆ ಇರಲಿ, ದೀಪವೋ ಕಿಟಕಿಯೋ. ಮುಖವನ್ನು ಸರಿಯಾದ ಅಳತೆಗಿಂತ ಎರಡು ಸ್ಟಾಪ್ ಕೆಳಗಿಡಿ, ಹಿಂದಿನ ಗೋಡೆಯನ್ನು ನಾಲ್ಕೈದು ಸ್ಟಾಪ್. ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ. ಆ ಚುಕ್ಕೆಯನ್ನು ಅಳತೆಗೋಲು ಮಾಡಿಕೊಂಡು ಕಣ್ಣು ಉಳಿದದ್ದನ್ನೆಲ್ಲ ಕಪ್ಪೆಂದು ಓದಿಕೊಳ್ಳುತ್ತದೆ. ಚುಕ್ಕೆ ಇಲ್ಲದೆ ಎಲ್ಲವನ್ನೂ ಸಮನಾಗಿ ಮಂಕು ಮಾಡಿದರೆ ಸಿಗುವುದು ರಾತ್ರಿಯಲ್ಲ, ರಾಡಿ ನೀರಿನಂಥ ಬೂದು ಬಣ್ಣ.

ಕನ್ನಡದ ದೆವ್ವಗಳೆಲ್ಲ ಸಕಲೇಶಪುರದಾಚೆ ಎಸ್ಟೇಟ್ ಬಂಗಲೆಯಲ್ಲೇ ಬಾಡಿಗೆಗಿರುವುದೂ ಒಂದು ವಿಚಿತ್ರ. ಬಯಲುಸೀಮೆಗೆ ಅವು ಬರುವುದೇ ಇಲ್ಲ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ನೂರಾರು ಶಿಲಾಸಮಾಧಿಗಳಿವೆ. ಚಪ್ಪಡಿ ಕಲ್ಲಿನ ಮನೆಗಳು, ಕೆಲವಕ್ಕೆ ಮುಂದಿನ ಕಲ್ಲಿನಲ್ಲಿ ಆಳು ತೂರುವಷ್ಟು ದುಂಡನೆಯ ಕಿಂಡಿ. ಮೋರ್ಯರೆಂಬ ಕುಳ್ಳ ಜನ ಕಟ್ಟಿಕೊಂಡ ಮನೆಗಳು ಎಂಬ ಮಾತು ಸುತ್ತಲ ಊರುಗಳಲ್ಲಿದೆ. ಹಟ್ಟಿ ಚಿನ್ನದ ಗಣಿಯೊಳಗೆ ತಲೆದೀಪ ಆರಿಸಿದರೆ ಸಿಗುವ ಕತ್ತಲನ್ನು ಯಾವ ಸ್ಟುಡಿಯೊವೂ ಕಟ್ಟಲಾರದು. ಮಂಗಳ ಗ್ರಹ ಬೇಕೆ, ಸಂಡೂರಿನ ಕೆಂಪು ಗುಡ್ಡಗಳಿವೆ. ಅಲ್ಲಿನ ಕೆಂಪಿಗೂ ಇಲ್ಲಿನ ಕೆಂಪಿಗೂ ಕಾರಣ ಕಬ್ಬಿಣದ ಆಕ್ಸೈಡೇ. ಇನ್ನು ದೆವ್ವಕ್ಕೆ ರಾತ್ರಿಯೇ ಬೇಕೆಂದು ನಮ್ಮ ಕಡೆ ಯಾರೂ ಹೇಳಿಲ್ಲ. ಮಟಮಟ ಮಧ್ಯಾಹ್ನ ಹುಣಸೆಮರದ ಕೆಳಗೆ ಹೋಗಬೇಡ ಎಂದೇ ಹಿರಿಯರು ಗದರುವುದು. ಮೇ ತಿಂಗಳ ರಾಯಚೂರಿನಲ್ಲಿ ಎರಡು ಗಂಟೆಯ ಬೀದಿ ಅಮಾವಾಸ್ಯೆಗಿಂತ ಖಾಲಿ.

ಸದ್ದಿನ ವಿಷಯದಲ್ಲಿ ಆಗುವ ಅನ್ಯಾಯ ಇದಕ್ಕಿಂತ ದೊಡ್ಡದು. ಬೆಚ್ಚಿಬೀಳುವುದು ಸದ್ದು ಎಷ್ಟು ಜೋರು ಎಂಬುದರಿಂದಲ್ಲ, ಹಿಂದಿನ ಕ್ಷಣಕ್ಕೂ ಈ ಕ್ಷಣಕ್ಕೂ ನಡುವಿನ ಏರಿನಿಂದ. ಹಿನ್ನೆಲೆ ಸಂಗೀತ 80 ಡೆಸಿಬಲ್‌ನಲ್ಲಿ ಎಡೆಬಿಡದೆ ಮೊರೆಯುತ್ತಿದ್ದರೆ ಬಾಗಿಲು 95ರಲ್ಲಿ ಬಡಿದರೂ ಏರು 15 ಮಾತ್ರ. ಕೋಣೆ 40ರಲ್ಲಿ ಸುಮ್ಮನಿದ್ದಾಗ 70ರಲ್ಲಿ ಒಂದು ಲೋಟ ಬಿದ್ದರೆ ಏರು 30. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಸುಮಾರು ಇಮ್ಮಡಿ ಎನ್ನಿಸುತ್ತದೆ, ಅಂದರೆ ಆ ಲೋಟ ಎಂಟು ಪಟ್ಟು. ಮಾತು, ಸಂಗೀತ, ಸದ್ದುಗಳನ್ನು ಬೆರೆಸುವ ನಮ್ಮ ಮಿಕ್ಸಿಂಗ್‌ನಲ್ಲಿ ಮೊದಲ ಹಾಡಿನಿಂದಲೇ ಮೀಟರು ಮೇಲಿನ ಗೆರೆ ಮುಟ್ಟಿ ಕೂತಿರುತ್ತದೆ. ದೆವ್ವ ಬರುವ ಹೊತ್ತಿಗೆ ಏರಲು ಮೆಟ್ಟಿಲೇ ಉಳಿದಿರುವುದಿಲ್ಲ.

ಮೌನ ಎಂದರೆ ಟ್ರ್ಯಾಕನ್ನು ಸೊನ್ನೆ ಮಾಡುವುದೂ ಅಲ್ಲ. ಹಾಗೆ ಮಾಡಿದರೆ ಸ್ಪೀಕರ್ ಕೆಟ್ಟಿತೇನೋ ಎಂದು ಜನ ಹಿಂದಿರುಗಿ ನೋಡುತ್ತಾರೆ. ಪ್ರತಿ ಜಾಗದಲ್ಲೂ ಪ್ಯಾಕಪ್‌ಗೆ ಮುಂಚೆ ಯೂನಿಟ್ಟಿನವರೆಲ್ಲ ಉಸಿರು ಬಿಗಿಹಿಡಿದು ನಿಂತು, ಒಂದು ನಿಮಿಷ ಬರೀ ಆ ಜಾಗದ ಸದ್ದನ್ನು ಹಿಡಿಯಬೇಕು. ಅದಕ್ಕೆ ರೂಂ ಟೋನ್ ಎನ್ನುತ್ತಾರೆ. ನಮ್ಮ ಕಡೆಯ ರಾತ್ರಿಗೆ ಅದರದೇ ದನಿಯಿದೆ. ಕಾಲುವೆ ಬದಿಯ ಕಪ್ಪೆ, ದೂರದ ಪಂಪ್‌ಸೆಟ್, ಅದಿರು ಹೊತ್ತ ಗೂಡ್ಸ್ ರೈಲಿನ ಕೂಗು. ಇದನ್ನು ಎರಡು ನಿಮಿಷ ಕೇಳಿಸಿ, ಆಮೇಲೆ ಕಪ್ಪೆಯ ಸದ್ದನ್ನಷ್ಟೇ ತೆಗೆದುಬಿಡಿ. ಯಾವ ಮೃದಂಗವೂ ಬೇಕಿಲ್ಲ. ಇದನ್ನೆಲ್ಲ ಬಿಟ್ಟು ಸೌಂಡ್ ಲೈಬ್ರರಿಯ ಅದೇ ನರಿ, ಅದೇ ಗೂಬೆಯನ್ನು ಎಷ್ಟು ಸಿನಿಮಾಕ್ಕೆ ದುಡಿಸುತ್ತೀರಿ?

ವೈಜ್ಞಾನಿಕ ಸಿನಿಮಾಕ್ಕೂ ಇದೇ ಮಾತು. ಗಾಳಿಯಿಲ್ಲದ ಕಡೆ ಸದ್ದು ಹರಿಯದು. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಇದನ್ನೇ ಹಿಡಿದುಕೊಂಡು, ನೌಕೆಯ ಹೊರಗೆ ಯಾತ್ರಿಯ ಉಸಿರನ್ನು ಮಾತ್ರ ಕೇಳಿಸಿತು, ಸಾವಿನ ಗಳಿಗೆಯಲ್ಲಿ ಅದನ್ನೂ ನಿಲ್ಲಿಸಿತು. 2013ರ ‘ಗ್ರ್ಯಾವಿಟಿ’ ಇನ್ನೊಂದು ಹೆಜ್ಜೆ ಹೋಗಿ, ಪಾತ್ರದ ಕೈ ಏನನ್ನಾದರೂ ಮುಟ್ಟಿದಾಗ ಆ ಕಂಪನ ದಿರಿಸಿನೊಳಗೆ ಮಂಕಾಗಿ ಕೇಳುವಂತೆ ಮಾಡಿತು. ವ್ಯೋಮದಲ್ಲಿ ಎಂಜಿನ್ ಗುಡುಗಲೇಬೇಕು ಎನ್ನುವವರು ಗುಡುಗಿಸಲಿ, ತಕರಾರಿಲ್ಲ. ಆದರೆ ಮೊದಲ ರೀಲಿನಲ್ಲಿ ಗುಡುಗಿಸಿ ಕ್ಲೈಮ್ಯಾಕ್ಸ್‌ನಲ್ಲಿ ‘ಅಲ್ಲಿ ಕೂಗಿದರೆ ಯಾರಿಗೂ ಕೇಳಿಸಲ್ಲ’ ಎಂದು ಡೈಲಾಗ್ ಹೊಡೆಸಬಾರದು.

ಥಿಯೇಟರ್ ಮಾಲೀಕರಿಗೆ ಕಹಿಯಾದರೂ ಹೇಳಲೇಬೇಕಾದ ಮಾತು ಈಗ. ಡಿಜಿಟಲ್ ಸಿನಿಮಾಕ್ಕೆ ಪರದೆಯ ಮೇಲೆ ಇರಬೇಕಾದ ಬೆಳಕು 14 ಫುಟ್ ಲ್ಯಾಂಬರ್ಟ್, ಅಂದರೆ ಚದರ ಮೀಟರಿಗೆ 48 ಕ್ಯಾಂಡೆಲಾ. ನಿರ್ದೇಶಕರು ಬಣ್ಣ ತಿದ್ದುವುದು ಈ ಅಳತೆಯಲ್ಲಿ. ಪ್ರೊಜೆಕ್ಟರಿನೊಳಗಿನ ಕ್ಸೆನಾನ್ ಲ್ಯಾಂಪಿಗೆ ವಯಸ್ಸಾದಂತೆ ಬೆಳಕು ಇಳಿಯುತ್ತದೆ. ಕಂಪನಿ ಹೇಳಿದ ಗಂಟೆಗಳು ಮುಗಿದರೂ ಉರಿಯುತ್ತದೆಯಲ್ಲ ಎಂದು ಓಡಿಸುತ್ತಾರೆ. ಪ್ರೊಜೆಕ್ಟರ್ ಕೋಣೆಯ ಕಿಟಕಿ ಗಾಜಿನ ಮೇಲೆ ಬಳ್ಳಾರಿಯ ಕೆಂಪು ಧೂಳು ಕೂರುತ್ತದೆ. ಹಾಡು, ಫೈಟ್ ಇರುವ ಸಿನಿಮಾದಲ್ಲಿ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಬೆಳಗಿದ ದೃಶ್ಯ ಅರ್ಧಕ್ಕಿಳಿದರೂ ಮುಖ ಕಾಣುತ್ತದೆ. ಮೊದಲೇ ನೂರರಲ್ಲಿ ಎರಡು ಪಾಲು ಬೆಳಕಿನಲ್ಲಿ ತೆಗೆದ ದೃಶ್ಯ ಅರ್ಧಕ್ಕಿಳಿದರೆ ಮೂಲೆಯಲ್ಲಿ ನಿಂತ ಆಕೃತಿಯೇ ಮಾಯ. ಜನ ‘ಏನೂ ಕಾಣಲಿಲ್ಲ’ ಎಂದು ನಿರ್ದೇಶಕನನ್ನು ಬೈದು ಹೊರಬರುತ್ತಾರೆ.

3ಡಿಗೆಂದು ಹಾಕಿಸಿದ ಬೆಳ್ಳಿ ಪರದೆಯ ಮೇಲೆ 2ಡಿ ಓಡಿಸುವುದು ಇನ್ನೊಂದು ತೊಂದರೆ. ನಡುವೆ ಬಿಳುಚು, ಅಂಚಿಗೆ ಮಂಕು. ಪರೀಕ್ಷೆ ಸುಲಭ: ಜಾಹೀರಾತಿನಲ್ಲಿ ಪೂರ್ತಿ ಬಿಳಿ ಬಂದ ಗಳಿಗೆಯಲ್ಲಿ ನಡುಭಾಗ ಮತ್ತು ಮೂಲೆಗಳನ್ನು ಹೋಲಿಸಿ ನೋಡಿ. ಆಮೇಲೆ ಬದಿಯ ಸೀಟಿಗೆ ಕೂತು ಇನ್ನೊಮ್ಮೆ ನೋಡಿ, ಬೆಳಗಿದ ಮಚ್ಚೆ ನಿಮ್ಮ ಜೊತೆ ಸರಿದಿರುತ್ತದೆ. ಪರದೆ ಬದಲಿಸುವುದು ದುಬಾರಿ, ಒಪ್ಪೋಣ. ಕಿಟಕಿ ಗಾಜನ್ನು ವಾರಕ್ಕೊಮ್ಮೆ ಒಳಗೂ ಹೊರಗೂ ಒರೆಸಲು ಒಂದು ಮೆತ್ತನೆ ಬಟ್ಟೆ ಸಾಕು. ಮೆಟ್ಟಿಲ ದೀಪಗಳ ಬೆಳಕು ಕೆಳಕ್ಕೆ ಬೀಳುವಂತೆ ತಗಡಿನ ಮರೆ ಕೊಟ್ಟರೆ ಪರದೆಗೆ ತಾಗುವುದಿಲ್ಲ.

ಸದ್ದು ಏರಿಸಿ ಇಳಿಸುವ ಗುಂಡಿ, ಅಂದರೆ ಫೇಡರ್‌ನ ಕತೆ ಗೊತ್ತಿರುವವರು ಕಡಿಮೆ. ಥಿಯೇಟರಿನ ಸದ್ದು ನಿಭಾಯಿಸುವ ಸಿನಿಮಾ ಪ್ರೊಸೆಸರಿನ ಮೇಲೆ 0ಯಿಂದ 10ರವರೆಗೆ ಅಂಕಿ ಇರುತ್ತದೆ, 7 ಎಂದರೆ ಮಿಕ್ಸಿಂಗ್ ಕೋಣೆಯಲ್ಲಿ ಕೇಳಿದಷ್ಟೇ. ಡಾಲ್ಬಿ ಪ್ರೊಸೆಸರಿನಲ್ಲಿ 4ರ ಮೇಲೆ ಒಂದು ಅಂಕಿ ಇಳಿಸಿದರೆ ಸುಮಾರು ಮೂರೂಕಾಲು ಡೆಸಿಬಲ್ ಇಳಿಯುತ್ತದೆ. ಆಗುವುದು ಹೀಗೆ: ಮೊದಲು ಬರುವ ಜಾಹೀರಾತುಗಳು ಕಿವಿ ಕಿತ್ತುಹೋಗುವಷ್ಟು ಜೋರು. ಯಾರೋ ಎದ್ದು ಹೋಗಿ ಗಲಾಟೆ ಮಾಡುತ್ತಾರೆ. ಆಪರೇಟರ್ 4.5ಕ್ಕೆ ಇಳಿಸಿ ಚಹಾಕ್ಕೆ ಹೋಗುತ್ತಾನೆ. ಸಿನಿಮಾ ಎಂಟು ಡೆಸಿಬಲ್ ಕಮ್ಮಿಯಲ್ಲಿ ಓಡುತ್ತದೆ, ಪಿಸುಮಾತು, ಹೆಜ್ಜೆ, ಉಸಿರು ಎಲ್ಲ ಎಸಿಯ ಗೊರಗೊರದಡಿ ಮುಚ್ಚಿಹೋಗುತ್ತವೆ, ಕಿರುಚಾಟ ಮಾತ್ರ ಉಳಿಯುತ್ತದೆ. ಹೇಗೂ ಥಿಯೇಟರಿನಲ್ಲಿ ಇಳಿಸುತ್ತಾರೆಂದು ಮಿಕ್ಸಿಂಗ್‌ನವರು ಮುಂದಿನ ಸಿನಿಮಾವನ್ನು ಇನ್ನೂ ಜೋರು ಮಾಡುತ್ತಾರೆ. ಅದು ಜೋರೆಂದು ಇವರು 4ಕ್ಕೆ ಇಳಿಸುತ್ತಾರೆ. ಇದಕ್ಕೆ ಪರಿಹಾರ ಯಂತ್ರದೊಳಗೇ ಇದೆ. ಶೋ ಪ್ಲೇಲಿಸ್ಟಿನಲ್ಲಿ ಜಾಹೀರಾತಿಗೆ ಒಂದು ಫೇಡರ್ ಕ್ಯೂ (ಸದ್ದು ತಾನೇ ಬದಲಾಗುವಂತೆ ಮಾಡುವ ಸೂಚನೆ), ಸಿನಿಮಾಕ್ಕೆ ಬೇರೆ ಕ್ಯೂ ಹಾಕಬಹುದು. ಒಮ್ಮೆ ಹಾಕಿದರೆ ಚಹಾ ಬಿಡಬೇಕಿಲ್ಲ.

ಪ್ರೇಕ್ಷಕರದೂ ತಪ್ಪಿದೆ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಮೊಬೈಲ್ ಒಮ್ಮೆ ಮುಖದ ಮುಂದೆ ಹೊತ್ತಿದರೆ ಆ ಗಳಿಕೆಯ ದೊಡ್ಡ ಪಾಲು ಹೋಯಿತು. ನಿಮ್ಮದಷ್ಟೇ ಅಲ್ಲ, ಹಿಂದಿನ ಸಾಲಿನವರದೂ.

ಮನೆಯ ಟಿವಿಗೆ ಬಂದರೆ, ಅಂಗಡಿಯಲ್ಲಿ ಹೊಳೆಯಲೆಂದು ಹಾಕಿದ ‘ವಿವಿಡ್’ ಮೋಡಿನಲ್ಲೇ ಮನೆಯಲ್ಲೂ ಓಡುತ್ತಿರುತ್ತದೆ. ಮೊದಲು ಅದನ್ನು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡಿಗೆ ತಿರುಗಿಸಿ. ಮೋಷನ್ ಸ್ಮೂದಿಂಗ್ ಆರಿಸಿ; ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಎಂದಿರುತ್ತದೆ. ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾಕ್ಕೆ ನಡುನಡುವೆ ಹುಸಿ ಚೌಕಟ್ಟು ತುಂಬಿ ದೆವ್ವವನ್ನು ಧಾರಾವಾಹಿಯ ಅತ್ತೆಯಂತೆ ಓಡಾಡಿಸುವುದು ಇದೇ. ದೃಶ್ಯ ನೋಡಿ ಕಪ್ಪು ಬಿಳುಪನ್ನು ತಾನೇ ಏರಿಳಿಸುವ ಡೈನಾಮಿಕ್ ಕಾಂಟ್ರಾಸ್ಟ್, ಕೋಣೆಯ ಬೆಳಕು ನೋಡಿ ತಾನೇ ಮಂಕಾಗುವ ಎಕೋ ಸೆನ್ಸರ್ ಎರಡನ್ನೂ ಬಂದ್ ಮಾಡಿ. ಇಷ್ಟಾದರೂ ಕಪ್ಪು ಬೂದಿ ಬಣ್ಣಕ್ಕೆ ತಿರುಗಿದ್ದರೆ ಟಿವಿಯ ಸೆಟ್ಟಿಂಗಿನಲ್ಲಿ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ನೋಡಿ. ಸೆಟ್‌ಟಾಪ್ ಬಾಕ್ಸು ಕಪ್ಪಿನಿಂದ ಬಿಳುಪಿನವರೆಗೆ 16ರಿಂದ 235ರ ಅಳತೆಯಲ್ಲಿ ಕಳಿಸುತ್ತಿರುವಾಗ ಟಿವಿ 0ಯಿಂದ 255 ಎಂದುಕೊಂಡಿದ್ದರೆ ಕಪ್ಪೆಲ್ಲ ಮಬ್ಬು. ಅದು ತಿರುಗುಮುರುಗಾಗಿದ್ದರೆ ನೆರಳೊಳಗಿನ ವಿವರವೆಲ್ಲ ಇದ್ದಿಲು. ಎರಡೂ ಕಡೆ ‘ಲಿಮಿಟೆಡ್’ (ಅಂದರೆ 16ರಿಂದ 235) ಅಥವಾ ಎರಡೂ ಕಡೆ ‘ಆಟೊ’ ಇಟ್ಟರೆ ಮುಗಿಯಿತು.

ಹೊಸ ಟಿವಿ ಕೊಳ್ಳುವವರು ಪ್ಯಾನೆಲ್ ಯಾವುದೆಂದು ಕೇಳಿ. ಎಲ್‌ಸಿಡಿ ಟಿವಿಗಳಲ್ಲಿ ಐಪಿಎಸ್, ವಿಎ ಎಂಬ ಎರಡು ಬಗೆ ಸಾಮಾನ್ಯ. ಐಪಿಎಸ್‌ನಲ್ಲಿ ಕಪ್ಪು ಬಿಳುಪಿನ ಅಂತರ ಸುಮಾರು ಸಾವಿರಕ್ಕೊಂದು, ವಿಎಯಲ್ಲಿ ಮೂರು ಸಾವಿರಕ್ಕೂ ಮೇಲೆ. ಬದಿಯಿಂದ ನೋಡುವವರು ಹೆಚ್ಚಿದ್ದರೆ ಐಪಿಎಸ್ ಸರಿ, ಎದುರು ಕೂತು ರಾತ್ರಿ ಸಿನಿಮಾ ನೋಡುವವರಿಗೆ ವಿಎ. ಕತ್ತಲ ದೃಶ್ಯದಲ್ಲಿ ಗೋಡೆಯೆಲ್ಲ ಚೌಕ ಚೌಕವಾಗಿ ಒಡೆದು ಕುಣಿಯುತ್ತಿದ್ದರೆ ಅದು ಟಿವಿಯ ದೋಷವಲ್ಲ. ಒಟಿಟಿಯವರು ಡೇಟಾ ಉಳಿಸಲು ವಿಡಿಯೊ ಹಿಂಡುವಾಗ ಮೊದಲು ಬಲಿಯಾಗುವುದು ನೆರಳಿನ ವಿವರ. ‘ಗೇಮ್ ಆಫ್ ಥ್ರೋನ್ಸ್’ನ ರಾತ್ರಿ ಯುದ್ಧದ ಕಂತು 2019ರಲ್ಲಿ ಬಂದಾಗ ಏನೂ ಕಾಣಲಿಲ್ಲವೆಂದು ಲೋಕವೆಲ್ಲ ಗೊಣಗಿದ್ದರ ಹಿಂದೆ ಇದೂ ಇತ್ತು. ಆ್ಯಪಿನ ಡೇಟಾ ಸೇವರ್ ತೆಗೆದು ‘ಹೈ’ ಇಟ್ಟುಕೊಳ್ಳಿ. ಟ್ಯೂಬ್‌ಲೈಟ್ ಆರಿಸಿ, ಕಣ್ಣಿಗೆ ಆಯಾಸವಾದರೆ ಟಿವಿಯ ಹಿಂದೆ ಗೋಡೆಗೆ ಬೀಳುವಂತೆ ಒಂದು ಸಣ್ಣ ಬಿಳಿ ಬಲ್ಬು ಇಡಿ. ಮಾತು ಕೇಳದೆ ಬರೀ ಸಂಗೀತ ಕೇಳುತ್ತಿದ್ದರೆ ಆಡಿಯೊವನ್ನು 5.1ರಿಂದ (ಆರು ಸ್ಪೀಕರಿಗೆ ಹಂಚಿದ ಸದ್ದು) ಸ್ಟೀರಿಯೊಗೆ ಬದಲಿಸಿ. ಮಾತೆಲ್ಲ ಇರುವುದು ನಡುವಿನ ಚಾನೆಲ್‌ನಲ್ಲಿ, ಎರಡೇ ಸ್ಪೀಕರಿನ ಟಿವಿಯಲ್ಲಿ ಅದು ಸೊರಗುತ್ತದೆ.

ಇಷ್ಟೆಲ್ಲ ಸರಿಪಡಿಸಿ ಕೂತವನಿಗೆ ಚಾನೆಲ್‌ನವರು ಕೊಡುವ ಬಹುಮಾನ ಏನು? ಮೂಲೆಯಲ್ಲಿ ಫಳಫಳ ಲೋಗೊ, ಕೆಳಗೆ ನಾಳಿನ ಧಾರಾವಾಹಿಯ ನಾಯಕಿ ಕುಣಿಯುತ್ತ ಬರುವ ಪಟ್ಟಿ. ಕತ್ತಲ ಕೋಣೆಯಲ್ಲಿ ಪಾತ್ರವೊಂದು ಬೀಡಿ ಹಚ್ಚಿದರೆ ಎಚ್ಚರಿಕೆಯ ಬಿಳಿ ಅಕ್ಷರ. ಅದು ಕಾನೂನು, ಬಿಡಿ. ಆದರೆ ಲೋಗೊವನ್ನು ಮಂಕು ಮಾಡಲು ಯಾವ ಕಾನೂನು ಅಡ್ಡಿ? ‘ಎ’ ಪ್ರಮಾಣಪತ್ರದ ಚಿತ್ರವನ್ನು ಟಿವಿಗೆಂದು ಮತ್ತೆ ಕತ್ತರಿಸುವಾಗಲೂ ಒಂದು ಮಾತು: ರಕ್ತ ತೆಗೆಯಿರಿ, ರಕ್ತಕ್ಕೆ ಮುಂಚಿನ ಕಾಯುವಿಕೆಯನ್ನು ತೆಗೆಯಬೇಡಿ. ಜಾಹೀರಾತನ್ನು ಆ ಕಾಯುವಿಕೆಯ ನಡುವೆ ತುರುಕಬೇಡಿ.

ಡಬ್ಬಿಂಗ್ ಬಗ್ಗೆ ಎರಡೇ ಮಾತು. ಡಬ್ಬಿಂಗ್‌ಗೆ ಅಡ್ಡಿ ಮಾಡುವುದು ತಪ್ಪೆಂದ 2015ರ ಸ್ಪರ್ಧಾ ಆಯೋಗದ ಆದೇಶದ ನಂತರ ಬಾಗಿಲು ತೆರೆದು ಕನ್ನಡಕ್ಕೆ ಬೇಕಾದಷ್ಟು ಬರುತ್ತಿವೆ, ಸಂತೋಷ. ತುಟಿ ಕೂಡುವ ಪ, ಬ, ಮಗಳಿಗೆ ಹೊಂದುವ ಪದ ಹುಡುಕುವುದರಲ್ಲಿ ನಮ್ಮವರು ಪಳಗಿದ್ದಾರೆ. ಎಡವುವುದು ಉಸಿರಿನಲ್ಲಿ. ಓಡಿ ಬಂದವಳ ಏದುಸಿರನ್ನು ಮೈಕಿನ ಮುಂದೆ ಕೂತು ಹೇಳಿಸಿದರೆ ಅದು ಏದುಸಿರಾಗುವುದಿಲ್ಲ. ಮೂಲದ ಉಸಿರಿನ ಟ್ರ್ಯಾಕ್ ಕೇಳಿ ತರಿಸಿಕೊಂಡು ಹಾಗೇ ಉಳಿಸಬಹುದು, ಭಯಕ್ಕೆ ಭಾಷಾಂತರ ಬೇಕಿಲ್ಲ. ಇನ್ನು ಮಂಗಳ ಗ್ರಹದಿಂದ ಬಂದವನೂ, ಟ್ರಾನ್ಸಿಲ್ವೇನಿಯಾದ ರಕ್ತಪಿಶಾಚಿಯೂ, ಗಗನನೌಕೆಯ ಕಂಪ್ಯೂಟರೂ ಒಂದೇ ಬೆಂಗಳೂರು ಕನ್ನಡ ಆಡುತ್ತಾರಲ್ಲ, ಅವರಲ್ಲಿ ಒಬ್ಬನಾದರೂ ‘ಯಾಕ್ರೀ, ಎಲ್ಲಿಗ್ ಹೊಂಟೀರಿ’ ಎಂದು ಬೆನ್ನ ಹಿಂದಿನಿಂದ ಮೆಲ್ಲಗೆ ಕೇಳಿದರೆ ಬಳ್ಳಾರಿಯಿಂದ ಬೀದರ್‌ವರೆಗೆ ಬೆವರದವರು ಯಾರು?

— ಒಬ್ಬ ಪ್ರೇಕ್ಷಕ, ಬಳ್ಳಾರಿ